ಇಬ್ಬರೂ ಆಣೆಯಿಟ್ಟರು

ಐನ್ ಬುತ್ಮಾ, ಕರಕ್ ಬೆಟ್ಟ
೧೦ ಜೂನ್ ೧೯೩೪

ತಮ್ಮ ಬುತ್ರುಸನಿಗೆ,

ಜೆರೂಸಲೇಮಿನ ಮಠದಲ್ಲಿ ನೀನು ಸುಖವಾಗಿದ್ದೀಯೆಂದು ತಿಳಿದುಕೊಳ್ಳುತ್ತೇನೆ. ಅಲ್ಲಿ ಸುಖವಾಗಿರದೆ ಇನ್ನೇನು ಕೆಲಸ. ನಿನಗೆ ಕಾಗದ ಬರೆಯಬಾರದೆಂದು ಅಮ್ಮ ಸತ್ತ ವರ್ಷವೇ ತೀರ್ಮಾನ ಮಾಡಿದ್ದೆ. ಈಗ ಬರೆಯುತ್ತಿರುವುದು ನನ್ನ ಕೆಲಸಕ್ಕಲ್ಲ, ಊರಿನ ಕೆಲಸಕ್ಕೆ. ಬೇರೇನೂ ಅರ್ಥ ಮಾಡಿಕೊಳ್ಳಬೇಡ.

ಮುದುಕಿ ಫಿದ್ದಾಳ ಮಗ ಖಲಫ್ ನಿನಗೆ ನೆನಪಿರಬೇಕು. ಹೈಫಾ ಬಂದರಿಗೆ ಕೂಲಿಗೆ ಹೋಗಿದ್ದ, ಹೋದ ಚಳಿಗಾಲದಲ್ಲಿ ಮೂಟೆಗಳ ರಾಶಿ ಮೇಲೆ ಬಿದ್ದು ಸತ್ತ. ಅವನ ಹೆಂಡತಿ ನಜ್ಲಾ ಈ ಸಲ ಗೋಧಿ ಕೊಯ್ಲಿನ ಮಧ್ಯೆ ಜ್ವರ ಹಿಡಿದು ಮಲಗಿದವಳು ಮತ್ತೆ ಏಳಲಿಲ್ಲ. ಉಳಿದದ್ದು ಒಂದು ಹೆಣ್ಣುಮಗು, ಸಬ್ಹಾ. ಅದಕ್ಕೆ ನೆಟ್ಟಗೆ ನಡೆಯಲು ಇನ್ನೂ ಬಾರದು, ಕಿರುಚಲು ಚೆನ್ನಾಗಿ ಬರುತ್ತದೆ.

ಜಗಳ ಈ ಮಗುವಿನದು. ನಜ್ಲಾ ಸತ್ತ ದಿನ ಬೆಳಗ್ಗೆ ತಾನೊಬ್ಬಳೇ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಾಗ ಸೊಸೆ ತನ್ನ ಕೈ ಹಿಡಿದು ‘ಸಬ್ಹಾ ಇನ್ನು ನಿನ್ನವಳು’ ಎಂದಳೆಂದು ಫಿದ್ದಾ ಹೇಳುತ್ತಾಳೆ. ನಜ್ಲಾಳ ಅಕ್ಕ ತಮಾಮ್ ಹೇಳುವುದೂ ಅದನ್ನೇ. ಮುದುಕಿ ರೊಟ್ಟಿ ಸುಡಲು ಎದ್ದುಹೋದ ಮೇಲೆ ತಾನು ಹೋಗಿ ಕೂತೆ, ಆಗ ತಂಗಿ ತನ್ನ ಕೈ ಹಿಡಿದು ಅದೇ ಮಾತು ಹೇಳಿದಳು ಅನ್ನುತ್ತಾಳೆ. ಈ ತಮಾಮ್ ಹೇಸರಗತ್ತೆ ಹೊಡೆಯುವ ಈದ್‌ನ ಹೆಂಡತಿ, ಮಕ್ಕಳಿಲ್ಲ. ಇವಳ ಮನೆಗೂ ಫಿದ್ದಾಳ ಮನೆಗೂ ಹಿಂಗೋಡೆ ಒಂದೇ. ಆ ದಿನ ಊರಿನವರೆಲ್ಲ ಹೊಲದಲ್ಲಿದ್ದರು. ಕೇಳಿದವರು ಯಾರೂ ಇಲ್ಲ, ನೋಡಿದವರೂ ಇಲ್ಲ.

ರಕ್ತ ನೋಡಿದರೆ ಮಗು ಅಪ್ಪನ ಮನೆಗೆ ಸೇರಬೇಕು. ಆದರೆ ಸಾಯುವವರ ಮಾತು ರಕ್ತಕ್ಕಿಂತ ಮೇಲೆಂದು ಇಲ್ಲಿ ನಡೆದು ಬಂದಿದೆ. ಒಂದು ಮಗುವನ್ನು ಯಾವ ತಾಯಿಯೂ ಇಬ್ಬರಿಗೆ ಕೊಟ್ಟು ಹೋಗುವುದಿಲ್ಲ. ಆದ್ದರಿಂದ ಇಬ್ಬರಲ್ಲಿ ಒಬ್ಬಳು ಸುಳ್ಳಿ. ಸತ್ತವರ ಬಾಯಲ್ಲಿ ಸುಳ್ಳು ಇಟ್ಟವಳ ಮನೆಯ ರೊಟ್ಟಿಯನ್ನು ಈ ಊರಿನಲ್ಲಿ ಯಾರೂ ಮುರಿಯುವುದಿಲ್ಲ, ಅದು ನಿನಗೆ ಗೊತ್ತು. ಹಾಗಾಗಿ ನನ್ನ ತೀರ್ಪಿನಿಂದ ಒಬ್ಬಳಿಗೆ ಮಗು, ಇನ್ನೊಬ್ಬಳಿಗೆ ಬಹಿಷ್ಕಾರ.

ತಕರಾರಿನ ವಸ್ತು ತೀರ್ಪಾಗುವವರೆಗೆ ಮುಖ್ತಾರನ ಮನೆಯಲ್ಲಿರಬೇಕೆಂಬ ಕಟ್ಟಳೆ ನಮ್ಮ ಹಿರಿಯರದು. ಅವರು ಅದನ್ನು ಕುರಿಗೆ, ಕತ್ತೆಗೆ ಮಾಡಿದ್ದರು. ಈಗ ಊರಿನ ಯಜಮಾನಿಕೆ ನಡೆಸುವ ಮುಖ್ತಾರ ನಾನು. ನಿನ್ನೆ ಸಬ್ಹಾ ನನ್ನ ಹೊಸ ಅಬಾಯ ನಿಲುವಂಗಿಯ ಮೇಲೆ ಉಚ್ಚೆ ಹೊಯ್ದಳು.

ನಮ್ಮೂರ ಚರ್ಚಿನ ಖೂರಿಗೆ ಕಿವಿ ಕೇಳಿಸುವುದಿಲ್ಲ. ಅವರಿಗೆ ವ್ಯಾಜ್ಯ ಒಪ್ಪಿಸಿದರೆ ಮದುವೆ ಮಾಡಿಸಿ ಕಳಿಸುತ್ತಾರೆ. ಅಪ್ಪ ನನ್ನನ್ನು ಶಾಲೆ ಬಿಡಿಸಿ ನೇಗಿಲಿಗೆ ಕಟ್ಟಿದ್ದು ನೀನು ಓದಲಿ ಎಂದು. ಓದಿದ್ದೀಯಲ್ಲ, ಹೇಳು. ಸಾಕ್ಷಿಯಿಲ್ಲದ ವ್ಯಾಜ್ಯಕ್ಕೆ ನಿನ್ನ ಶಾಸ್ತ್ರದಲ್ಲಿ ಏನಿದೆ?

ಅಮ್ಮನ ಗೋರಿಗೆ ಸುಣ್ಣ ಬಳಿಸಿದೆ. ನಿನ್ನ ಹೆಸರು ಹಿಡಿದು ಕರೆಯುತ್ತಲೇ ಹೋದಳು. ಉಪ್ಪು ಮಾರುವ ಮಿಖಾಯಿಲನ ಹತ್ತಿರ ಹೇಳಿ ಕಳಿಸಿದೆ. ನೀನು ಬರಲಿಲ್ಲ.

ಔದೆ, ಮಿತ್ರಿಯ ಅಪ್ಪ,
ಊರಿನ ಮುಖ್ತಾರ


ಜೆರೂಸಲೇಮ್
೨೬ ಜೂನ್ ೧೯೩೪

ಪೂಜ್ಯ ಅಣ್ಣನವರಿಗೆ,

ತಮ್ಮ ಪತ್ರ ತಲುಪಿತು. ತಾವು ಕೇಳಿರುವ ಪ್ರಶ್ನೆಗೆ ಉತ್ತರ ತಮಗೇ ತಿಳಿದಿದೆ. ನಮ್ಮ ಪವಿತ್ರ ಗ್ರಂಥದ ಆ ಜ್ಞಾನಿ ರಾಜನ ಮುಂದೆಯೂ ಒಂದೇ ಮಗುವಿಗೆ ಇಬ್ಬರು ತಾಯಂದಿರು ಬಂದಿದ್ದರು. ಅಲ್ಲಿಯೂ ಸಾಕ್ಷಿ ಇರಲಿಲ್ಲ. ಮಗುವನ್ನು ಕತ್ತಿಯಿಂದ ಎರಡು ಮಾಡಿ ಹಂಚುವೆನೆಂದು ರಾಜನು ಹೇಳಿದಾಗ ಬೇಡವೆಂದು ಬಿಟ್ಟುಕೊಟ್ಟವಳೇ ನಿಜವಾದ ತಾಯಿ ಎಂದು ತಿಳಿಯಿತು. ಪ್ರೀತಿಯುಳ್ಳವರು ಬಿಟ್ಟುಕೊಡುತ್ತಾರೆ. ತಾವೂ ಅದೇ ರೀತಿ ಪರೀಕ್ಷಿಸಬಹುದು.

ಅಮ್ಮನ ವಿಷಯದಲ್ಲಿ ನನ್ನ ಉತ್ತರ ಹಿಂದೆ ಹೇಳಿದ್ದೇ. ನನಗೆ ಯಾರೂ ಬಂದು ಹೇಳಲಿಲ್ಲ.

ತಮ್ಮ ಆಶೀರ್ವಾದ ಬೇಡುವ,
ಖೂರಿ ಬುತ್ರುಸ್


ಐನ್ ಬುತ್ಮಾ
೯ ಜುಲೈ ೧೯೩೪

ತಮ್ಮಾ,

ನನಗೆ ‘ತಾವು’ ಎಂದು ಬರೆದಿದ್ದೀಯೆ. ಒಂದೇ ಕಂಬಳಿಗೆ ಕಿತ್ತಾಡಿ ಮಲಗಿದವರು ನಾವು. ಇರಲಿ.

ನೀನು ಹೇಳಿದಂತೆ ಮಾಡಿದೆ. ಇನ್ನು ಮೇಲೆ ನೀನು ಹೇಳಿದಂತೆ ಮಾಡುವುದಿಲ್ಲ.

ಭಾನುವಾರ ಪೂಜೆ ಬಿಟ್ಟ ಮೇಲೆ ಇಬ್ಬರನ್ನೂ ನಮ್ಮ ಪಡಸಾಲೆಗೆ ಕರೆಸಿದೆ. ಕರೆಯದವರೂ ಬಂದು ಕೂತರು, ಕಾಫಿ ದಂಡವಾಯಿತು. ಅಪ್ಪನ ಕತ್ತಿ ಗೋಡೆಯ ಮೇಲಿದೆಯಲ್ಲ, ಅದನ್ನು ಇಳಿಸಿ ತರಲು ಮಿತ್ರಿಗೆ ಹೇಳಿದೆ. ತುರ್ಕಿಯವರ ಕಾಲದಲ್ಲಿ ಒರೆಗೆ ಹೋದದ್ದು, ಹಿಡಿದೆಳೆದರೆ ಬರಲೊಲ್ಲದು. ನಾನು ಹಿಡಿ ಎಳೆದೆ, ಮಿತ್ರಿ ಒರೆ ಎಳೆದ. ಜ್ಞಾನಿ ರಾಜನಿಗೆ ಈ ಪಾಡು ಬಂದಿರಲಾರದು. ಅರ್ಧ ಗೇಣು ಹೊರಗೆ ಬಂದಿರಬೇಕು, ಮಗುವನ್ನು ಹಂಚುತ್ತೇನೆಂದು ನಾನಿನ್ನೂ ಬಾಯಿ ತೆರೆದಿಲ್ಲ, ಇಬ್ಬರೂ ಒಟ್ಟಿಗೆ ಕೂಗಿದರು. ‘ಬೇಡ, ಅವಳಿಗೇ ಕೊಡು.’

ಪ್ರತಿ ವರ್ಷವೂ ಅದೇ ಉಪದೇಶವನ್ನು ಅದೇ ಖೂರಿಯ ಬಾಯಿಂದ ಕೇಳಿ ಬೆಳೆದವರು. ಕತ್ತಿ ಕಂಡ ಕೂಡಲೇ ಏನು ಹೇಳಬೇಕೆಂದು ಇಬ್ಬರಿಗೂ ಗೊತ್ತು.

ಆಮೇಲೆ ಶುರುವಾಯಿತು. ಫಿದ್ದಾ ಎದ್ದು ನಿಂತು, “ಎಲ್ಲರೂ ಕೇಳಿಸ್ಕೊಂಡ್ರಲ್ಲ, ಬಿಟ್ಟುಕೊಟ್ಟೋಳು ಮೊದಲು ನಾನು,” ಅಂದಳು.

“ನೀನೆಲ್ಲಿ ಬಿಟ್ಟುಕೊಟ್ಟೆ ಅತ್ತೆ, ನೀನು ಕೆಮ್ಮಿದ್ದು,” ಅಂದಳು ತಮಾಮ್. “ನಾನು ಹೇಳಿದ್ಮೇಲೆ ಬಾಯಿ ತೆಗೆದೆ.”

“ಹೆತ್ತಿದ್ರೆ ತಾನೆ ಬಿಟ್ಟುಕೊಡೋ ಸಂಕಟ ಗೊತ್ತಾಗೋದು.”

“ಹೆತ್ತು ಹೈಫಾಕ್ಕೆ ಕಳಿಸಿದೋಳು ನೀನು.”

ಕಾಫಿ ಹೀರುತ್ತಿದ್ದವರು ಬಟ್ಟಲು ಕೆಳಗಿಟ್ಟರು. ತಮಾಮ್‌ಗೂ ತಾನು ಆಡಿದ್ದು ಅತಿಯಾಯಿತೆಂದು ಅನ್ನಿಸಿರಬೇಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಬ್ಹಾ ಮಾತ್ರ ನನ್ನ ಕಾಲಬಳಿ ಕೂತು ಒರೆಯ ಗೊಂಡೆಯನ್ನು ಜಗಿಯುತ್ತಿದ್ದಳು. ನಿನ್ನ ಅತ್ತಿಗೆ ಬಂದು ಮಗುವನ್ನು ಎತ್ತಿಕೊಂಡು, “ಕತ್ತಿ ಒಳಗಿಡಿ. ಆ ರಾಜನ ಕಾಲದಲ್ಲಿ ಈ ಕಥೆ ಯಾರಿಗೂ ಗೊತ್ತಿರ್ಲಿಲ್ಲ,” ಅಂದಳು.

ಪ್ರೀತಿಯುಳ್ಳವರು ಬಿಟ್ಟುಕೊಡುತ್ತಾರೆಂದು ನೀನು ಬರೆದೆ. ಇಲ್ಲಿ ಇಬ್ಬರೂ ಬಿಟ್ಟುಕೊಟ್ಟರು, ಇಬ್ಬರೂ ಬಿಡಲೊಲ್ಲರು. ಇದಕ್ಕೆ ನಿನ್ನ ಗ್ರಂಥದಲ್ಲಿ ಮುಂದಿನ ಪುಟ ಇದೆಯೇ?

ಔದೆ, ಮುಖ್ತಾರ


ಐನ್ ಬುತ್ಮಾ
ಎಲಿಯಾಸ್ ಸಂತನ ಹಬ್ಬದ ಮರುದಿನ, ಜುಲೈ

ಬುತ್ರುಸ್,

ನಿನ್ನ ಉತ್ತರಕ್ಕೆ ಕಾಯಲಿಲ್ಲ. ಬೆಟ್ಟದ ತುದಿಯ ಖದ್ರ್ ಸಂತನ ಗುಡಿಗೆ ಇಬ್ಬರನ್ನೂ ಕರೆದುಕೊಂಡು ಹೋದೆ.

ಸಾಕ್ಷಿಯಿಲ್ಲದ ಎಷ್ಟೋ ವ್ಯಾಜ್ಯಗಳನ್ನು ನಾನು ಹೀಗೇ ಮುಗಿಸಿದ್ದೇನೆ. ಅಲ್ಲಿ ಸುಳ್ಳಾಣೆ ಇಟ್ಟವರ ಮನೆ ದ್ರಾಕ್ಷಿ ಹಣ್ಣಾಗುವುದರೊಳಗೆ ಹಾಳಾಗುತ್ತದೆ ಎಂಬ ಭಯ ನಮ್ಮವರಿಗೂ ಇದೆ, ಮುಸಲ್ಮಾನರಿಗೂ ಇದೆ. ಆದ್ದರಿಂದ ಸುಳ್ಳಿನವರು ಗುಡಿಯವರೆಗೆ ಬರುವುದೇ ಇಲ್ಲ. ದಾರಿಯಲ್ಲೇ ಒಬ್ಬನಿಗೆ ಕಾಲು ಉಳುಕುತ್ತದೆ, ಇನ್ನೊಬ್ಬನಿಗೆ ಮನೆಯಲ್ಲಿ ಕುರಿ ಈಯುವ ನೆನಪಾಗುತ್ತದೆ. ಹಿಂದಕ್ಕೆ ತಿರುಗಿದವನೇ ಕಳ್ಳ. ನಾನು ಸುಮ್ಮನೆ ಹಿಂದೆ ಹಿಂದೆ ನಡೆದರೆ ಸಾಕು, ತೀರ್ಪು ತಾನಾಗಿ ಆಗುತ್ತದೆ.

ಈ ಸಲ ನನ್ನ ಕಾಲೇ ಸೋತಿತು. ಫಿದ್ದಾ ಆ ವಯಸ್ಸಿನಲ್ಲಿ ಬರಿಗಾಲಲ್ಲಿ ಹತ್ತಿದಳು. ಅರ್ಧ ದಾರಿಯಲ್ಲಿ ಉಸಿರು ಕಟ್ಟಿ ಕೂತಾಗ ಊರಿನವರೆಲ್ಲ ಮುಖ ಮುಖ ನೋಡಿಕೊಂಡರು. ತಮಾಮ್ ತನ್ನ ನೀರಿನ ಚೀಲ ಅವಳ ಮುಂದೆ ಇಟ್ಟು ಬೇರೆ ಕಡೆ ನೋಡುತ್ತಾ ನಿಂತಳು. ಮುದುಕಿ ಕುಡಿದು ಚೀಲ ಹಿಂದಕ್ಕೆ ಕೊಟ್ಟಳು. ಎದ್ದು ಮತ್ತೆ ಹತ್ತಿದಳು.

ಗುಡಿಯ ಕಲ್ಲಿನ ಮೇಲೆ ಕೈಯಿಟ್ಟು ಫಿದ್ದಾ ಆಣೆ ಮಾಡಿದಳು. ಅವಳು ಕೈ ತೆಗೆದ ಜಾಗದಲ್ಲೇ ತಮಾಮ್ ಕೈಯಿಟ್ಟು ಮಾಡಿದಳು. ಒಬ್ಬಳ ದನಿಯೂ ನಡುಗಲಿಲ್ಲ.

ನಾನು ಮುಖ್ತಾರನಾದ ಮೇಲೆ ಇಬ್ಬರೂ ಆಣೆಯಿಟ್ಟದ್ದು ಇದೇ ಮೊದಲು. ಅಪ್ಪನ ಕಾಲದಲ್ಲೂ ಕೇಳಿಲ್ಲ. ಇನ್ನು ದ್ರಾಕ್ಷಿ ಹಣ್ಣಾಗುವವರೆಗೆ ಕಾಯಬೇಕು. ಅಲ್ಲಿಯವರೆಗೆ ಮಗು ನನ್ನ ಮೀಸೆ ಕೀಳುತ್ತಿರುತ್ತದೆ.

ಔದೆ


ಜೆರೂಸಲೇಮ್
೫ ಆಗಸ್ಟ್ ೧೯೩೪

ಪೂಜ್ಯ ಅಣ್ಣನವರಿಗೆ,

ಕಲ್ಲಿನ ಮೇಲೆ ಕೈಯಿಡಿಸಿ ಶಿಕ್ಷೆಗೆ ಕಾದು ಕೂರುವುದು ಕ್ರೈಸ್ತರಿಗೆ ತಕ್ಕದ್ದಲ್ಲ. ತಾವು ಕೋಪಿಸಿಕೊಳ್ಳಬಾರದು. ಇಲ್ಲಿಯ ಸನ್ಯಾಸಿನಿಯರ ಅನಾಥಾಲಯದಲ್ಲಿ ಸಬ್ಹಾಳಿಗೆ ಒಂದು ಸ್ಥಳ ಕೇಳಿದ್ದೇನೆ, ಒಪ್ಪಿದ್ದಾರೆ. ಅವಳು ಓದುತ್ತಾಳೆ, ಶುದ್ಧವಾಗಿ ಬೆಳೆಯುತ್ತಾಳೆ, ಮತ್ತು ತಮ್ಮ ಊರಿನಲ್ಲಿ ಯಾರೂ ಸುಳ್ಳಿ ಎನ್ನಿಸಿಕೊಳ್ಳಬೇಕಾಗಿಲ್ಲ. ಈ ತಿಂಗಳ ಕೊನೆಯಲ್ಲಿ ಒಬ್ಬ ಸನ್ಯಾಸಿನಿ ಕಾರಿನಲ್ಲಿ ಕರಕ್‌ಗೆ ಬರುತ್ತಾರೆ. ಮಗುವನ್ನು ಅವರ ಕೈಗೆ ಒಪ್ಪಿಸಿರಿ.

ಈ ಊರಿನಲ್ಲಿ ಬೆಳೆಯುವುದು ಅಷ್ಟು ಕಷ್ಟವೇನಲ್ಲ. ನಾನೂ ಚಿಕ್ಕವನಿದ್ದಾಗಲೇ ಬಂದವನು.

ಖೂರಿ ಬುತ್ರುಸ್


ಐನ್ ಬುತ್ಮಾ
೩೧ ಆಗಸ್ಟ್ ೧೯೩೪

ಬುತ್ರುಸ್,

ನಿನ್ನ ಸನ್ಯಾಸಿನಿ ಬಂದಿದ್ದರು. ಒಳ್ಳೆಯ ಹೆಂಗಸು. ಒಂದು ಬುಟ್ಟಿ ಅಂಜೂರ ಕೊಟ್ಟು ಕಳಿಸಿದೆ. ಮಗುವನ್ನು ಕೊಡಲಿಲ್ಲ. ಮಗು ನಿದ್ದೆ ಮಾಡುತ್ತಿತ್ತು, ಎಬ್ಬಿಸುವುದು ಬೇಡವೆಂದು ಸುಮ್ಮನಾದೆ. ನನ್ನ ಬೆರಳು ಹಿಡಿದುಕೊಂಡು ಮಲಗುವ ಕೆಟ್ಟ ಅಭ್ಯಾಸ ಅದಕ್ಕೆ, ಎದ್ದು ಬಾಗಿಲಿಗೆ ಬಂದು ಮಾತಾಡಲೂ ಆಗಲಿಲ್ಲ. ಕೂತಲ್ಲಿಂದಲೇ ಮಾತಾಡಿಸಿದೆ, ತಪ್ಪು ತಿಳಿಯಬೇಡಿರೆಂದು ಅವರಿಗೆ ಹೇಳು.

ಕಾರು ಊರೊಳಗೆ ಬಂದದ್ದನ್ನು ಕೇಳಿ ಫಿದ್ದಾ ಒಂದು ಕಡೆಯಿಂದ, ತಮಾಮ್ ಇನ್ನೊಂದು ಕಡೆಯಿಂದ ಓಡಿ ಬಂದು ನನ್ನ ಅಂಗಳದ ಬಾಗಿಲಿಗೆ ಅಡ್ಡ ನಿಂತಿದ್ದರು. ಜೊತೆಯಾಗಿ ನಿಂತಿದ್ದಾರೆಂದು ಅವರಿಗೇ ಗೊತ್ತಿರಲಿಲ್ಲ. ಕಾರು ಹೋದ ಮೇಲೆ ಗೊತ್ತಾಗಿ ಇಬ್ಬರೂ ದೂರ ಸರಿದರು.

ದ್ರಾಕ್ಷಿ ಕಪ್ಪಾಯಿತು. ಊರಿಗೆ ಬೇರೆ ಕೆಲಸವಿಲ್ಲ, ಯಾರ ಮನೆ ಹಾಳಾಗುತ್ತದೆಂದು ನೋಡುತ್ತಾ ಕೂತಿದೆ. ತಮಾಮ್‌ಳ ಮನೆಯಲ್ಲಿ ಒಂದು ಹೂಜಿ ಒಡೆದರೆ ಫಿದ್ದಾಳ ಕಡೆಯವರು ನನ್ನ ಬಾಗಿಲಿಗೆ ಬಂದು ಕೆಮ್ಮುತ್ತಾರೆ. ಫಿದ್ದಾಳ ಆಡು ಕುಂಟಿದರೆ ಈದ್‌ನ ಅಣ್ಣತಮ್ಮಂದಿರು ಬಂದು, ನೋಡಿದ್ಯಾ ಮುಖ್ತಾರ, ಅನ್ನುತ್ತಾರೆ. ಮರುದಿನ ಆಡು ಸರಿಯಾಗುತ್ತದೆ. ಈದ್‌ನ ಹೇಸರಗತ್ತೆ ಕಣಿವೆಗೆ ಜಾರಿ ಬಿತ್ತೆಂದು ಮೊನ್ನೆ ಸುದ್ದಿ ಬಂತು, ಅರ್ಧ ಊರು ಓಡಿತು. ಹೋಗಿ ನೋಡಿದರೆ ಅದು ಕೆಳಗೆ ನಿಂತು ಮುಳ್ಳು ಮೇಯುತ್ತಿತ್ತು.

ಯಾರಿಗೂ ಏನೂ ಆಗುತ್ತಿಲ್ಲ. ಸಂತ ನಿದ್ದೆ ಹೋಗಿದ್ದಾನೋ, ನನಗೆ ಬುದ್ಧಿ ಕೆಟ್ಟಿದೆಯೋ ತಿಳಿಯದು.

ನೀನು ಚಿಕ್ಕವನಿದ್ದಾಗ ಹೋದದ್ದನ್ನು ಬರೆದಿದ್ದೀಯೆ. ಆ ಸಂಜೆ ಅಮ್ಮ ನಿನ್ನ ಪಾಲಿನ ರೊಟ್ಟಿಯನ್ನೂ ಸುಟ್ಟಳು. ಬಹಳ ದಿನ ಸುಟ್ಟಳು. ಆಮೇಲೆ ನಾನೇ ತಿನ್ನಲು ಶುರು ಮಾಡಿದೆ.

ಔದೆ


ಐನ್ ಬುತ್ಮಾ
೨೩ ಸೆಪ್ಟೆಂಬರ್ ೧೯೩೪

ತಮ್ಮಾ,

ವ್ಯಾಜ್ಯ ಮುಗಿಯಿತು. ನಿನ್ನ ಗ್ರಂಥದಿಂದಲೂ ಅಲ್ಲ, ನನ್ನ ಗುಡಿಯಿಂದಲೂ ಅಲ್ಲ. ತುಪ್ಪದ ತುರ್ಫಾಳಿಂದ.

ತುರ್ಫಾ ಮರುಭೂಮಿಯ ಬೆದುವಿ ಹೆಂಗಸು. ಅವರ ಡೇರೆಗಳು ಕೊಯ್ಲಿನ ಕಾಲಕ್ಕೆ ನಮ್ಮ ಬಯಲಿಗೆ ಬಂದು ಹೋಗುತ್ತವೆ. ಹೋದ ವಾರ ತುಪ್ಪದ ಚರ್ಮಚೀಲ ಹೊತ್ತು ಮತ್ತೆ ಬಂದಳು. ನಾನು ಹೊಸ್ತಿಲ ಮೇಲೆ ಕೂತಿದ್ದೆ, ಸಬ್ಹಾ ನನ್ನ ಮೊಣಕಾಲು ಹಿಡಿದು ನಿಂತಿದ್ದಳು. ತುರ್ಫಾ ಚೀಲ ಇಳಿಸಿ ಮಗುವಿನ ಗಲ್ಲ ಹಿಂಡಿ, “ಇವಳಿನ್ನೂ ಇಲ್ಲೇ ಇದ್ದಾಳಾ? ಇವಳ ಅಮ್ಮ ಇವಳನ್ನ ನನಗೆ ಕೊಟ್ಟಿದ್ಳು,” ಅಂದಳು.

ಇನ್ನೊಬ್ಬಳು ಬಂದಳಪ್ಪಾ ಎಂದು ನನಗೆ ಸಿಟ್ಟು ತಲೆಗೆ ಏರಿತು. ಎದ್ದು ಕೋಲು ಹಿಡಿದೆ. ಅವಳು ನಕ್ಕಳು.

“ಕೂತ್ಕೋ ಮಾವ, ನಾನೇನು ಕೇಳೋಕೆ ಬಂದಿಲ್ಲ. ಕೊಯ್ಲಲ್ಲಿ ನೀರು ಕೇಳೋಣ ಅಂತ ಆ ಮನೆ ಒಳಗೆ ಹೋದೆ. ಯಾರೂ ಇರ್ಲಿಲ್ಲ, ಅವಳೊಬ್ಳೇ ಮಲಗಿದ್ಳು. ನನ್ನ ಹೆಸರೂ ಗೊತ್ತಿಲ್ಲ ಅವಳಿಗೆ. ಕೈ ಹಿಡ್ಕೊಂಡು, ಸಬ್ಹಾ ಇನ್ನು ನಿನ್ನವಳು ಅಂದ್ಲು. ನನ್ನ ಡೇರೆ ತುಂಬ ಮಕ್ಕಳೇ ಅವ್ವಾ ಅಂದೆ. ಬಿಡ್ಲಿಲ್ಲ. ಆ ಮುಖ ನೋಡಿ ಆಗ್ಲಿ ಅಂದೆ. ಸಾಯೋರಿಗೆ ಇಲ್ಲ ಅನ್ನೋಕಾಗತ್ತಾ?”

ನಾನು ಮತ್ತೆ ಕೂತೆ. ನಿನ್ನ ಅತ್ತಿಗೆ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದಳು. ಆ ಹುಡುಗಿ ನಜ್ಲಾ ಅಲ್ಲಿ ಬಿದ್ದುಕೊಂಡು, ತನ್ನ ಮೇಲೆ ಬಾಗಿದ ಪ್ರತಿಯೊಂದು ಮುಖಕ್ಕೂ ಅದನ್ನೇ ಹೇಳಿದ್ದಾಳೆ. ಒಬ್ಬರು ಕೈಬಿಟ್ಟರೆ ಇನ್ನೊಬ್ಬರಿರಲಿ ಎಂದು. ಯಾವ ತಾಯಿಯೂ ಮಗುವನ್ನು ಇಬ್ಬರಿಗೆ ಕೊಡುವುದಿಲ್ಲವೆಂದು ನಾನು ಗಡ್ಡ ನೀವಿಕೊಂಡು ನಿನಗೆ ಬರೆದೆನಲ್ಲ. ಅವಳು ಸಿಕ್ಕಿದವರಿಗೆಲ್ಲ ಕೊಟ್ಟಿದ್ದಳು. ಇಡೀ ಬೇಸಿಗೆ ನಾವು ಒಬ್ಬ ಸುಳ್ಳಿಯನ್ನು ಹುಡುಕಿದೆವು. ಇದ್ದರೆ ತಾನೆ ಸಿಗುವುದು.

ಇಬ್ಬರನ್ನೂ ಕರೆಸಿದೆ. ತುರ್ಫಾಳ ಬಾಯಿಂದಲೇ ಕೇಳಿಸಿದೆ. ಆಮೇಲೆ ಒಂದೇ ಪ್ರಶ್ನೆ ಹಾಕಿದೆ, ನಜ್ಲಾ ಹಾಗೆಂದಾಗ ನೀವು ಏನಂದಿರಿ ಎಂದು. ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ.

“ಆಗ್ಲಿ ಮಗಳೇ ಅಂದೆ,” ಅಂದಳು ಫಿದ್ದಾ.

ತಮಾಮ್ ಮಗುವಿನ ಕಡೆ ನೋಡಿದಳು. “ಹೂಂ ಅಂದೆ,” ಅಂದಳು.

“ಹಾಗಾದ್ರೆ ಅವಳು ಕೊಟ್ಟದ್ದು ಹಾಗಿರ್ಲಿ, ನೀವು ಕೊಟ್ಟ ಮಾತು ನಡೆಸಿ,” ಅಂದೆ. “ಇಬ್ಬರೂ.”

ಫಿದ್ದಾ ತಮಾಮ್‌ಳ ಕಡೆ ನೋಡಲಿಲ್ಲ. ನೆಲ ನೋಡುತ್ತಾ, “ನಿನ್ನನ್ನ ಸುಳ್ಳಿ ಅಂದ್ಬಿಟ್ಟೆ,” ಅಂದಳು. ತಮಾಮ್ ಹೈಫಾದ ಮಾತಿಗೆ ಏನೋ ಹೇಳಲು ಹೋದಳು. ಮುದುಕಿ ಕೈಯೆತ್ತಿ ತಡೆದಳು.

ಮರುದಿನ ಬೆಳಗ್ಗೆ ಗುದ್ದಲಿ ಹಿಡಿದು ಫಿದ್ದಾಳ ಮನೆಗೆ ಹೋದೆ. ಎರಡು ಮನೆಗೂ ಹಿಂಗೋಡೆ ಒಂದೇ ಎಂದು ಬರೆದಿದ್ದೆನಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಓಣಿ ಪೂರ್ತಿ ಸುತ್ತಬೇಕು. ನಾನೂ ಮಿತ್ರಿಯೂ ಸೇರಿ ಆ ಗೋಡೆಯಲ್ಲಿ ಬಾಗಿಲಿನಷ್ಟು ಕಡಿದೆವು. ಈದ್ ಬಂದು ಕಲ್ಲು ಹೊತ್ತ. ಧೂಳಿನ ಮಧ್ಯೆ ಫಿದ್ದಾ ನಿಂತು, “ಅಂತೂ ಏನನ್ನೋ ಕಡಿದೆಯಲ್ಲ, ಮುಖ್ತಾರ,” ಅಂದಳು. ಅವಳು ಮಗ ಸತ್ತ ಮೇಲೆ ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ.

ಸಬ್ಹಾಳನ್ನು ಆ ಕಿಂಡಿಯ ಈಚೆ ಇಳಿಸಿದೆ. ಅವಳು ಅಲ್ಲೇ ಕೂತು ಮಣ್ಣು ತಿಂದಳು. ಆಮೇಲೆ ಕಲ್ಲು ಹಿಡಿದು ಎದ್ದು ಆಚೆ ಹೋದಳು, ಆಚೆಯಿಂದ ಈಚೆ ಬಂದಳು. ಸಂಜೆಯವರೆಗೆ ಅದೇ ಕೆಲಸ. ಅವಳಿಗೆ ನಡೆಯಲು ಬಂದದ್ದು ಹೀಗೆ.

ಈಗ ಆ ಬಾಗಿಲಿಗೆ ಪರದೆ ಯಾವ ಬಣ್ಣದ್ದು ಎಂದು ಇಬ್ಬರೂ ಜಗಳ ತೆಗೆದಿದ್ದಾರೆ. ತೀರ್ಪಿಗೆ ನನ್ನ ಹತ್ತಿರ ಬಂದಿದ್ದರು. ಓಡಿಸಿದೆ.

ಮನೆ ಸದ್ದಿಲ್ಲದೆ ಇದೆ. ನಿನ್ನ ಅತ್ತಿಗೆಗೆ ಇನ್ನೂ ಹೊಂದಿಕೆಯಾಗಿಲ್ಲ. ನನಗೇನೂ ಇಲ್ಲ. ಸಂಜೆ ಹೊತ್ತು ಗೋಡೆಯ ಕೆಲಸ ಸರಿಯಾಗಿ ನಿಂತಿದೆಯೋ ಎಂದು ನೋಡಿಬರುತ್ತೇನೆ. ಹೊಸ ಗಾರೆ, ದಿನಾ ನೋಡಬೇಕಾಗುತ್ತದೆ.

ಇನ್ನೊಂದು ವ್ಯಾಜ್ಯ ಉಳಿದಿದೆ. ಉಪ್ಪಿನ ಮಿಖಾಯಿಲ್ ನಿನ್ನ ಮಠದ ಬಾಗಿಲಲ್ಲಿ ಹೇಳಿ ಬಂದೆನೆಂದು ನನಗೆ ಹೇಳಿದ, ಈಗ ಅವನೂ ಇಲ್ಲ. ಯಾರೂ ಬಂದು ಹೇಳಲಿಲ್ಲವೆಂದು ನೀನು ಹೇಳುತ್ತೀಯೆ. ಸಾಕ್ಷಿ ಇಲ್ಲ. ನಾನು ಕಳಿಸಿದ್ದು ನಿಜ, ಆದ್ದರಿಂದ ನೀನು ಸುಳ್ಳ ಎಂದು ಇಷ್ಟು ವರ್ಷ ಹಿಡಿದುಕೊಂಡು ಕೂತಿದ್ದೆ. ನೀನೂ ಅಲ್ಲಿ ಅದನ್ನೇ ತಿರುಗಿಸಿ ಹಿಡಿದುಕೊಂಡು ಕೂತಿದ್ದೀಯೆಂದು ಕಾಣುತ್ತದೆ. ಬಾಗಿಲಲ್ಲಿ ಹೇಳಿದ ಮಾತು ಬಾಗಿಲಲ್ಲೇ ಉಳಿದಿದ್ದರೆ? ನಾನು ಇದನ್ನು ಹೋದ ವಾರದವರೆಗೆ ಯೋಚಿಸಿಯೇ ಇರಲಿಲ್ಲ.

ದ್ರಾಕ್ಷಿ ಮಾಳಿಗೆಯ ಮೇಲೆ ಒಣಗುತ್ತಿದೆ. ಅಮ್ಮ ಹೋದ ಕೋಣೆಯಲ್ಲಿ ಹಾಸಿಗೆ ಹಾಸಿದೆ. ಮಳೆ ಹಿಡಿದರೆ ಕಣಿವೆಯ ದಾರಿ ಮುಚ್ಚುತ್ತದೆ, ಅದಕ್ಕೆ ಮೊದಲು ಬಾ. ಈ ಸಲ ಯಾರ ಬಾಯಲ್ಲೂ ಹೇಳಿ ಕಳಿಸುತ್ತಿಲ್ಲ, ಕರಕ್‌ಗೆ ನಾನೇ ಹೋಗಿ ಅಂಚೆಗೆ ಹಾಕುತ್ತೇನೆ. ಮುಟ್ಟಲಿಲ್ಲ ಅನ್ನಬೇಡ.

ನಿನ್ನ ಅಣ್ಣ,
ಔದೆ